ಫಾರಾಲ್ ಎಕ್ಸ್ ಕ್ಯಾಲ್ಗರಿ: ಈ ಪುಕ್ಕಟೆ ತರ್ಕದ ಪುಸ್ತಕ ಕೆ-ಸೆಟ್ ಬರೆಯುವವರಿಗೆ ಎಷ್ಟು ಉಪಯೋಗ?

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಡಿಮೆ ಅನ್ನೋದು ಮುಂದೆ ಬರುತ್ತದೆ. ಕೆ-ಸೆಟ್ ಅಥವಾ ನೆಟ್ (ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆಗಳು) ಬರೆಯುವವರು ಆ ಭಾಗವನ್ನು ಮಾತ್ರ ಬಿಡಬೇಡಿ, ಯಾಕಂದ್ರೆ ಈ ಪುಸ್ತಕವನ್ನು ಚೆನ್ನಾಗಿ ಕಲಿತವರೇ ಪರೀಕ್ಷೆಯಲ್ಲಿ ಒಂದು ಜಾಗದಲ್ಲಿ ಅಂಕ ಕಳೆದುಕೊಳ್ಳಬಹುದು.

ಮೊದಲು ಇದು ಏನು ಅಂತ. ಫಾರಾಲ್ ಎಕ್ಸ್ ಅನ್ನೋದು ಔಪಚಾರಿಕ ತರ್ಕಕ್ಕೆ, ಅಂದರೆ ವಿಷಯ ಬಿಟ್ಟು ವಾದದ ರೂಪ ನೋಡುವ ತರ್ಕಕ್ಕೆ, ಪ್ರವೇಶದ ಪಠ್ಯಪುಸ್ತಕ. ಮೂಲದಲ್ಲಿ ಬರೆದವರು ಅಮೆರಿಕದ ಆಲ್ಬನಿಯಲ್ಲಿ ಫಿಲಾಸಫಿ ಪಾಠ ಮಾಡುವ ಪಿ. ಡಿ. ಮ್ಯಾಗ್ನಸ್. ಯಾರು ಬೇಕಾದರೂ ಹಂಚಬಹುದು, ತಿದ್ದಬಹುದು ಅಂತ 2005ರಲ್ಲಿ ಅದನ್ನು ಬಿಟ್ಟುಕೊಟ್ಟರು. ಕೇಂಬ್ರಿಡ್ಜ್‌ನಲ್ಲಿ ಟಿಮ್ ಬಟನ್ ಅದನ್ನು ತಿದ್ದಿ ತಮ್ಮದೊಂದು ಆವೃತ್ತಿ ಮಾಡಿಕೊಂಡರು. ಅದರ ಮೇಲೆ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಆರನ್ ಥಾಮಸ್-ಬೋಲ್ಡಕ್ ಮತ್ತು ರಿಚರ್ಡ್ ಜಾಕ್ ಇನ್ನಷ್ಟು ಸೇರಿಸಿ ಬೆಳೆಸಿದ್ದೇ ಈ ಕ್ಯಾಲ್ಗರಿ ಆವೃತ್ತಿ. ಪಿಡಿಎಫ್‌ಗೆ ಒಂದು ಪೈಸೆ ಕೊಡಬೇಕಾಗಿಲ್ಲ, ಅಕೌಂಟ್ ಮಾಡಬೇಕಾಗಿಲ್ಲ, ಫೋನ್ ನಂಬರ್ ಕೇಳಿ ಆಮೇಲೆ ದಿನಾ ಕರೆ ಮಾಡುವ ಕಾಟವೂ ಇಲ್ಲ. ಒಂದೇ ಪುಸ್ತಕವನ್ನು ಇಷ್ಟು ಜನ ಮೇಷ್ಟ್ರು ತಮ್ಮ ಕ್ಲಾಸಿನಲ್ಲಿ ಪಾಠ ಮಾಡಿ, ಹುಡುಗರು ಎಲ್ಲಿ ತಡವರಿಸುತ್ತಾರೆ ಅಂತ ನೋಡಿ ತಿದ್ದಿದ್ದಾರೆ, ಅದು ಓದುವಾಗ ಗೊತ್ತಾಗುತ್ತದೆ.

ನಾನು ಇದನ್ನು ಹುಡುಕಿಕೊಂಡು ಹೋಗಿದ್ದು ಪೇಪರ್ ಒಂದರ ಸಲುವಾಗಿ, ಅಂದರೆ ಯಾವ ವಿಷಯದವರಾದರೂ ಬರೆಯಬೇಕಾದ ಮೊದಲ ಪತ್ರಿಕೆ. ಅತಿಥಿ ಉಪನ್ಯಾಸಕರಿಗೆ ಈ ಪೇಪರ್ ಎಷ್ಟು ತಲೆನೋವು ಅಂತ ಹೇಳಬೇಕಾಗಿಲ್ಲ. 50 ಪ್ರಶ್ನೆ, 100 ಅಂಕ, ಅದರಲ್ಲಿ ಲಾಜಿಕಲ್ ರೀಸನಿಂಗ್ ಅಂತಲೇ ಒಂದು ಪೂರ್ತಿ ಘಟಕ. ಸಂಜೆ ಹೊತ್ತಿನ ಒಂದು ಕೋಚಿಂಗ್ ಕ್ಲಾಸಿಗೆ ದುಡ್ಡು ಕಟ್ಟಿದ್ದೆ (ಹೆಸರು ಬೇಡ ಬಿಡಿ). ಅಲ್ಲಿ ಈ ಘಟಕಕ್ಕೆ ಕೊಟ್ಟಿದ್ದು ಒಂದಿಷ್ಟು ಜೆರಾಕ್ಸ್ ಹಾಳೆ ಮತ್ತು ಟ್ರಿಕ್ಕುಗಳು. "ಎಲ್ಲಾ" ಬಂದರೆ ವೃತ್ತದೊಳಗೆ ವೃತ್ತ, "ಕೆಲವು" ಬಂದರೆ ಎರಡು ವೃತ್ತ ಒಂದರ ಮೇಲೊಂದು, ಎರಡೂ ಹೇಳಿಕೆ "ಕೆಲವು" ಆಗಿದ್ದರೆ ತೀರ್ಮಾನವಿಲ್ಲ ಅಂತ ಗುರುತು ಹಾಕು, ಮುಂದೆ ಹೋಗು. ಯಾಕೆ ಸಾರ್ ಅಂದರೆ, ಯಾಕೆ ಅಂತ ಕೇಳೋಕೆ ಪರೀಕ್ಷೆಯಲ್ಲಿ ಟೈಮ್ ಇರಲ್ಲಪ್ಪ ಅನ್ನೋ ಉತ್ತರ. ಟ್ರಿಕ್ಕು ತಪ್ಪು ಅಂತಲ್ಲ. ಆದರೆ ಪ್ರಶ್ನೆ ಸ್ವಲ್ಪ ಸೊಟ್ಟಗೆ ಬಂದರೆ ಸಾಕು, ಯಾವ ಟ್ರಿಕ್ಕು ಎಲ್ಲಿಗೆ ಅಂತ ಗೊತ್ತಾಗದೆ ಕೈಕಟ್ಟಿ ಕೂರಬೇಕಾಗುತ್ತದೆ.

ಈ ಪುಸ್ತಕ ಆ "ಯಾಕೆ"ಯಿಂದಲೇ ಶುರುವಾಗುತ್ತದೆ. ಮೊದಲ ಭಾಗ ಚಿಕ್ಕದು, ಚಿಹ್ನೆಗಳಿಲ್ಲ, ಗಣಿತ ಇಲ್ಲ. ನನ್ನ ಪ್ರಕಾರ ಇಡೀ ಪುಸ್ತಕದ ಜೀವ ಇರುವುದು ಅಲ್ಲೇ. ಒಂದು ವಾದ ಅಂದರೆ ಕೆಲವು ಆಧಾರವಾಕ್ಯ, ಅವುಗಳಿಂದ ಒಂದು ತೀರ್ಮಾನ. ಆಧಾರವಾಕ್ಯಗಳೆಲ್ಲ ನಿಜವಾಗಿದ್ದು ತೀರ್ಮಾನ ಮಾತ್ರ ಸುಳ್ಳಾಗುವ ಸಂದರ್ಭವೇ ಇಲ್ಲದಿದ್ದರೆ ಆ ವಾದ ಸಿಂಧು. ಅಂಥ ಒಂದೇ ಒಂದು ಸಂದರ್ಭ ಊಹಿಸಲು ಸಾಧ್ಯವಾದರೂ ಅಸಿಂಧು. ಅಷ್ಟೇ ವ್ಯಾಖ್ಯೆ. ತೀರ್ಮಾನ ನಿಜವಾ ಸುಳ್ಳಾ ಅನ್ನೋ ಮಾತೇ ಇಲ್ಲಿ ಬರೋದಿಲ್ಲ.

ಒಂದು ಉದಾಹರಣೆ ನಾನೇ ಮಾಡ್ತೀನಿ, ಪುಸ್ತಕದಲ್ಲಿ ಇರೋದೆಲ್ಲ ಆ ಕಡೆಯವರ ಉದಾಹರಣೆ. "ಎಲ್ಲಾ ಹಸುಗಳಿಗೂ ರೆಕ್ಕೆ ಇದೆ. ಗೌರಿ ಒಂದು ಹಸು. ಆದ್ದರಿಂದ ಗೌರಿಗೆ ರೆಕ್ಕೆ ಇದೆ." ಮೊದಲ ವಾಕ್ಯವೇ ಶುದ್ಧ ಸುಳ್ಳು, ತೀರ್ಮಾನವೂ ಸುಳ್ಳು, ಆದರೂ ವಾದ ಸಿಂಧು. ಇನ್ನೊಂದು ನೋಡಿ. "ಕೆಆರ್‌ಎಸ್ 124.80 ಅಡಿ ತುಂಬಿದರೆ ನದಿಗೆ ನೀರು ಬಿಡ್ತಾರೆ. ನದಿಗೆ ನೀರು ಬಿಟ್ಟಿದ್ದಾರೆ. ಆದ್ದರಿಂದ ಅಣೆಕಟ್ಟು ತುಂಬಿದೆ." ಒಳ್ಳೆ ಮಳೆ ಆದ ವರ್ಷ ಈ ಮೂರೂ ವಾಕ್ಯ ನಿಜವಾಗಿರಬಹುದು. ಆದರೂ ವಾದ ಅಸಿಂಧು. ಯಾಕಂದ್ರೆ 2016ರಲ್ಲೂ 2023ರಲ್ಲೂ ಅಣೆಕಟ್ಟು ತುಂಬದೇ ಇದ್ದಾಗಲೂ ತಮಿಳುನಾಡಿಗೆ ಅಂತ ನೀರು ಬಿಡಬೇಕಾಯಿತು, ಮಂಡ್ಯದಲ್ಲಿ ಜನ ಬೀದಿಗಿಳಿದಿದ್ದು ಅದಕ್ಕೇ ಅಲ್ವಾ. ಆಧಾರವಾಕ್ಯ ಎರಡೂ ನಿಜ, ತೀರ್ಮಾನ ಸುಳ್ಳು, ಅಂಥ ಸಂದರ್ಭ ಕಣ್ಣೆದುರೇ ಇತ್ತು. ವಾದ ಬಿತ್ತು.

ಹಸುವಿನ ವಾದ ನಿಲ್ಲುತ್ತದೆ, ಅಣೆಕಟ್ಟಿನ ವಾದ ಬೀಳುತ್ತದೆ. ಇದನ್ನು ಒಪ್ಪಿಕೊಳ್ಳಲು ಮನಸ್ಸು ಸ್ವಲ್ಪ ಒದ್ದಾಡುತ್ತದೆ, ಯಾಕಂದ್ರೆ ನಾವು ಸಾಮಾನ್ಯವಾಗಿ ತೀರ್ಮಾನ ಇಷ್ಟವಾದರೆ ವಾದಕ್ಕೂ ಶಹಬ್ಬಾಸ್ ಅಂತೀವಿ, ಇಷ್ಟವಾಗದಿದ್ದರೆ ವಾದವನ್ನೇ ಬಯ್ತೀವಿ. ಹೇಳಿದ್ದು ನಿಜವಾ ಅನ್ನೋದು ಒಂದು ಪ್ರಶ್ನೆ, ಹೇಳಿದ್ದರಿಂದ ಇದು ಬರುತ್ತದಾ ಅನ್ನೋದು ಇನ್ನೊಂದು. ಇವೆರಡನ್ನೂ ಬಿಡಿಸಿ ನೋಡುವುದನ್ನು ಕಲಿಸಿದ್ದಕ್ಕೇ ನನ್ನ ಮೂರು ಸ್ಟಾರ್ ಹೋಗುತ್ತದೆ. ಸಿಂಧುವೂ ಆಗಿದ್ದು ಆಧಾರವಾಕ್ಯಗಳೂ ನಿಜವಾಗಿದ್ದರೆ ಅದಕ್ಕೆ ಬೇರೆ ಹೆಸರು ಕೊಟ್ಟಿದ್ದಾರೆ, ಸೌಂಡ್ ಅಂತ. ಅದರ ಬಗ್ಗೆ ಪುಸ್ತಕ ಜಾಸ್ತಿ ತಲೆ ಕೆಡಿಸಿಕೊಳ್ಳಲ್ಲ. ಅಣೆಕಟ್ಟು ತುಂಬಿದೆಯಾ ಅಂತ ನೋಡೋದು ನೀರಾವರಿ ಇಲಾಖೆ ಕೆಲಸ, ತರ್ಕದ್ದಲ್ಲ.

ಎರಡನೇ ಭಾಗದಿಂದ ಚಿಹ್ನೆಗಳು ಬರುತ್ತವೆ. ಮತ್ತು, ಅಥವಾ, ಅಲ್ಲ, ಆದರೆ-ಆಗ (ಹೀಗಾದರೆ ಹಾಗೆ, ಇಂಗ್ಲಿಷಿನ ಇಫ್-ದೆನ್; ಇದರ ಚಿಹ್ನೆ ಬಾಣ, →), ಇಂಥವಕ್ಕೆ ಒಂದೊಂದು ಚಿಹ್ನೆ. ಮಾಮೂಲಿ ವಾಕ್ಯಗಳನ್ನು ಈ ಚಿಹ್ನೆಗಳಿಗೆ ಇಳಿಸೋ ಅಭ್ಯಾಸ ಬೇಕಾದಷ್ಟಿದೆ. ಇಲ್ಲಿ ಇಂಗ್ಲಿಷ್‌ನ "ಇಫ್", "ಓನ್ಲಿ ಇಫ್", "ಅನ್‌ಲೆಸ್" ಮೂರನ್ನೂ ಚೆನ್ನಾಗಿ ಬಿಡಿಸಿದ್ದಾರೆ. ನಾನು ಅದನ್ನೇ ನಮ್ಮ ಕಥೆಗೆ ಹಾಕಿ ನೋಡಿದೆ. "ಕೆ-ಸೆಟ್ ಪಾಸಾದರೆ ಮಾತ್ರ ಈ ಹುದ್ದೆಗೆ ಅರ್ಜಿ ಹಾಕಬಹುದು" ಅಂದರೆ ಅರ್ಜಿ ಹಾಕಬಹುದಾದವರೆಲ್ಲ ಪಾಸಾದವರು ಅಂತ ಅರ್ಥ. ಪಾಸಾದವರೆಲ್ಲ ಅರ್ಜಿ ಹಾಕಬಹುದು ಅಂತಲ್ಲ, ವಯಸ್ಸು, ಎಂಎ ಅಂಕ, ಇನ್ನೂ ಏನೇನೋ ಇರಬಹುದು. ಬಾಣ ಯಾವ ಕಡೆಗೆ ತಿರುಗಿದೆ ಅನ್ನೋದೇ ಇಲ್ಲಿ ಎಲ್ಲ. "ಸೆಟ್ ಪಾಸಾಗಿ, ಸರ್ಕಾರಿ ಉಪನ್ಯಾಸಕರಾಗಿ" ಅಂತ ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಅಂಟಿಸಿರೋ ಜಾಹೀರಾತುಗಳು ಆ ಬಾಣವನ್ನು ಸದ್ದಿಲ್ಲದೆ ತಿರುಗಿಸಿಬಿಟ್ಟಿರುತ್ತವೆ.

ಆದರೆ-ಆಗ ಚಿಹ್ನೆಯ ಸತ್ಯಕೋಷ್ಟಕ (ಒಳಗಿನ ವಾಕ್ಯಗಳು ನಿಜ ಅಥವಾ ಸುಳ್ಳಾದಾಗ ಇಡೀ ವಾಕ್ಯ ಏನಾಗುತ್ತದೆ ಅಂತ ತೋರಿಸೋ ಪಟ್ಟಿ) ಹೊಸಬರಿಗೆ ಕಹಿ ಗುಳಿಗೆ. ಮೊದಲರ್ಧ ಸುಳ್ಳಾಗಿದ್ದರೆ ಇಡೀ ವಾಕ್ಯ ನಿಜ ಅಂತ ಲೆಕ್ಕ. "ನಾನು ಗೆದ್ದರೆ ಈ ರಸ್ತೆಗೆ ಡಾಂಬರು ಹಾಕಿಸ್ತೀನಿ" ಅಂದವನು ಸೋತರೆ, ಡಾಂಬರು ಬಂದರೂ ಬರದಿದ್ದರೂ ಅವನು ಮಾತು ತಪ್ಪಿದ ಹಾಗಲ್ಲ. ಗೆದ್ದು ಹಾಕಿಸದೇ ಇದ್ದಾಗ ಮಾತ್ರ ವಾಕ್ಯ ಸುಳ್ಳು. ಈ ಉದಾಹರಣೆಗೆ ಸರಿ ಅನಿಸುತ್ತದೆ, ಆದರೆ ಎಲ್ಲದಕ್ಕೂ ಹಾಗೆ ಅನಿಸೋದಿಲ್ಲ. ದಿನದ ಮಾತಿನ ಎಲ್ಲಾ "ಆದರೆ-ಆಗ"ಗೂ ಈ ಕೋಷ್ಟಕ ಹೊಂದೋದಿಲ್ಲ ಅಂತ ಪುಸ್ತಕವೇ ಹೇಳಿಬಿಡುತ್ತದೆ, ಮುಚ್ಚಿಡೋದಿಲ್ಲ. ಆ ನೇರ ಮಾತು ನನಗೆ ಹಿಡಿಸಿತು.

ಪುಸ್ತಕದಲ್ಲಿಲ್ಲದ ಒಂದು ವಿಷಯ ಇಲ್ಲಿ ಹೇಳಲೇಬೇಕು. ಪೀಟರ್ ವೇಸನ್ ಅನ್ನೋ ಬ್ರಿಟಿಷ್ ಮನಶ್ಶಾಸ್ತ್ರಜ್ಞ 1966ರಲ್ಲಿ ನಾಲ್ಕು ಕಾರ್ಡಿನ ಒಂದು ಪರೀಕ್ಷೆ ಕೊಟ್ಟರು. ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ಮೇಲೆ ಕಾಣೋದು ಒಂದು ಸ್ವರ, ಒಂದು ವ್ಯಂಜನ, ಒಂದು ಸಮಸಂಖ್ಯೆ, ಒಂದು ಬೆಸಸಂಖ್ಯೆ. "ಒಂದು ಬದಿ ಸ್ವರ ಇದ್ದರೆ ಇನ್ನೊಂದು ಬದಿ ಸಮಸಂಖ್ಯೆ" ಅನ್ನೋ ನಿಯಮ ನಿಜವಾ ಅಂತ ನೋಡಲು ಯಾವ ಯಾವ ಕಾರ್ಡು ತಿರುಗಿಸಬೇಕು? ಓದಿದವರೇ ಹೆಚ್ಚಿನವರು ತಪ್ಪು ಕಾರ್ಡು ತಿರುಗಿಸಿದರು. ಈಗ ಅದನ್ನೇ ಶಕ್ತಿ ಯೋಜನೆ ಬಸ್ಸಿಗೆ ಹಾಕಿ. ನಿಯಮ ಇಷ್ಟು: ಉಚಿತ ಟಿಕೆಟ್ ಇದ್ದರೆ ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇರಬೇಕು. ಚೆಕಿಂಗ್‌ನವರು ಹತ್ತಿದರು. ನಾಲ್ವರು ಹೆಂಗಸರು ಕೂತಿದ್ದಾರೆ. ಒಬ್ಬರ ಕೈಯಲ್ಲಿ ಉಚಿತ ಟಿಕೆಟ್ ಕಾಣುತ್ತಿದೆ, ಒಬ್ಬರ ಕೈಯಲ್ಲಿ ದುಡ್ಡು ಕೊಟ್ಟ ಟಿಕೆಟ್, ಒಬ್ಬರ ಕೈಯಲ್ಲಿ ತುಮಕೂರು ವಿಳಾಸದ ಆಧಾರ್, ಒಬ್ಬರ ಕೈಯಲ್ಲಿ ಕಾಸರಗೋಡು ವಿಳಾಸದ ಆಧಾರ್. ಯಾರನ್ನು ಕೇಳಬೇಕು? ಉಚಿತ ಟಿಕೆಟ್‌ನವರ ಚೀಟಿ, ಕಾಸರಗೋಡಿನವರ ಟಿಕೆಟ್. ಇನ್ನಿಬ್ಬರನ್ನು ಕೇಳಿ ಏನೂ ಸಿಗೋದಿಲ್ಲ. ಇದನ್ನು ಯಾರೂ ತಪ್ಪೋದಿಲ್ಲ, ಆದರೆ ಲೆಕ್ಕ ಅದೇ ಕಾರ್ಡಿನದು, ಅಲ್ಲಿ ತಿರುಗಿಸಬೇಕಾದ್ದು ಸ್ವರ ಮತ್ತು ಬೆಸಸಂಖ್ಯೆ. 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಬಿಯರ್ ಕುಡಿಯೋ ವಯಸ್ಸಿನ ನಿಯಮ ಇಟ್ಟು ಕೇಳಿದಾಗ ಹೆಚ್ಚಿನವರು ಸರಿಯಾಗಿ ಹೇಳಿದರು. ಅಂದರೆ ಗೊತ್ತಿರೋ ವಿಷಯದಲ್ಲಿ ನಾವು ಚುರುಕು, ಗೊತ್ತಿಲ್ಲದ ಕಡೆ ಅದೇ ರೂಪ ನಮ್ಮ ಕಣ್ಣಿಗೆ ಬೀಳೋದಿಲ್ಲ. ಪರೀಕ್ಷೆ ಪ್ರಶ್ನೆಗಳು ಬೇಕಂತಲೇ "ಕೆಲವು ಪೆನ್ನುಗಳು ಮರಗಳು" ಅಂತ ಅರ್ಥವಿಲ್ಲದ ವಿಷಯದಲ್ಲಿ ಬರುತ್ತವೆ. ಚಿಹ್ನೆ ಯಾಕೆ ಬೇಕು ಅಂತ ಕೇಳೋರಿಗೆ ಉತ್ತರ ಇದೇ, ವಿಷಯ ಏನೇ ಇರಲಿ ರೂಪ ಕಾಣಬೇಕು.

ಸತ್ಯಕೋಷ್ಟಕದ ಭಾಗ ಸುಲಭ, ಬೇಗ ಮುಗಿಯುತ್ತದೆ. ಮೂರು ವಾಕ್ಯ ಇದ್ದರೆ 8 ಸಾಲು, ಐದಿದ್ದರೆ 32, ಹತ್ತಿದ್ದರೆ 1,024. ಐದರ ಮೇಲೆ ಹೋದರೆ ಕೈಯಲ್ಲಿ ಬರೆಯೋ ಆಸೆ ಬಿಟ್ಟುಬಿಡಿ.

ಅಲ್ಲಿಗೇ ನಾಲ್ಕನೇ ಭಾಗ ಬರುತ್ತದೆ, ನ್ಯಾಚುರಲ್ ಡಿಡಕ್ಷನ್. ಗೆರ್ಹಾರ್ಡ್ ಗೆಂಟ್ಸೆನ್ ಅನ್ನೋ ಜರ್ಮನ್ ಗಣಿತಜ್ಞ 1930ರ ದಶಕದಲ್ಲಿ ಕಟ್ಟಿದ ಪದ್ಧತಿ ಇದು. ಕೋಷ್ಟಕ ತುಂಬೋದರ ಬದಲು ಒಂದೊಂದೇ ಹೆಜ್ಜೆ ಇಟ್ಟು ಆಧಾರವಾಕ್ಯದಿಂದ ತೀರ್ಮಾನಕ್ಕೆ ಹೋಗೋದು, ಪ್ರತಿ ಹೆಜ್ಜೆಗೂ ಪಕ್ಕದಲ್ಲಿ ಯಾವ ನಿಯಮ, ಯಾವ ಸಾಲು ಅಂತ ಬರೆಯೋದು. ಓಪನ್ ಲಾಜಿಕ್ ಪ್ರಾಜೆಕ್ಟ್‌ನವರ ಜಾಲತಾಣದಲ್ಲಿ ಇದಕ್ಕೇ ಅಂತ ಒಂದು ಪ್ರೂಫ್ ಚೆಕರ್ (ನಾವು ಬರೆದ ಹೆಜ್ಜೆಗಳು ಸರಿಯಾ ಅಂತ ನೋಡೋ ತಂತ್ರಾಂಶ) ಇದೆ, ಕೆವಿನ್ ಕ್ಲೆಮೆಂಟ್ ಮಾಡಿದ್ದು, ಅದೂ ಪುಕ್ಕಟೆ. ಪುಸ್ತಕಕ್ಕಿಂತ ಇದರಲ್ಲೇ ನಾನು ಜಾಸ್ತಿ ಹೊತ್ತು ಕಳೆದೆ ಅಂದರೂ ಸರಿ.

ಹೇಗಿರುತ್ತದೆ ಅಂತ ಒಂದು ತೋರಿಸ್ತೀನಿ. ಕೀಲಿ ಕೈಚೀಲದಲ್ಲಿದೆ ಅಥವಾ ಗೂಡಿನಲ್ಲಿದೆ. ಕೈಚೀಲದಲ್ಲಿಲ್ಲ. ಆದ್ದರಿಂದ ಗೂಡಿನಲ್ಲಿದೆ. ಚಿಹ್ನೆಯಲ್ಲಿ ಕ ∨ ಗ, ¬ಕ, ಆದ್ದರಿಂದ ಗ; ∨ ಅಂದರೆ ಅಥವಾ, ¬ ಅಂದರೆ ಅಲ್ಲ. (ಚೆಕರ್ ಕನ್ನಡ ಅಕ್ಷರ ತಗೊಳ್ಳಲ್ಲ, ಇಂಗ್ಲಿಷಿನ ದೊಡ್ಡಕ್ಷರವೇ ಕೊಡಬೇಕು.) ಇದರಲ್ಲಿ ಸಾಧಿಸೋಕೆ ಏನಿದೆ, ಕಣ್ಣಿಗೆ ಕಾಣ್ತಿದೆಯಲ್ಲ ಅಂತೀರಿ. ಮೂಲ ನಿಯಮಗಳಷ್ಟನ್ನೇ ಇಟ್ಟುಕೊಂಡು ಮಾಡಿ ನೋಡಿ. ಅಥವಾ ಅಂತ ಇದ್ದಾಗ ಎರಡೂ ದಾರಿ ನೋಡಬೇಕು, ಎರಡೂ ಒಂದೇ ಕಡೆ ಮುಟ್ಟಿದರೆ ಮಾತ್ರ ತೀರ್ಮಾನ. ಎರಡನೇ ದಾರಿ ಸಲೀಸು: ಗೂಡಿನಲ್ಲಿದೆ ಅಂತ ಇಟ್ಟುಕೊಂಡರೆ ಗೂಡಿನಲ್ಲಿದೆ, ಮುಗೀತು. ಮೊದಲನೇದು ಹೇಗೆ? ಕೈಚೀಲದಲ್ಲಿದೆ ಅಂತ ಇಟ್ಟುಕೊಂಡಿರಿ. ಕೈಚೀಲದಲ್ಲಿಲ್ಲ ಅಂತ ಆಗಲೇ ಎರಡನೇ ಆಧಾರವಾಕ್ಯ ಹೇಳಿದೆ. ವಿರೋಧ ಬಂತು. ವಿರೋಧದಿಂದ ಏನು ಬೇಕಾದರೂ ಬರೆಯಬಹುದು ಅನ್ನೋ ನಿಯಮ ಹಿಡಿದು ಗ ಅಂತ ಬರೆಯಿರಿ. ಈಗ ಎರಡು ದಾರಿಯೂ ಗ ಮುಟ್ಟಿದವು, ಹೊರಗೆ ಬಂದು ಗ ಬರೆಯಬಹುದು.

ವಿರೋಧದಿಂದ ಏನು ಬೇಕಾದರೂ ಅಂದರೆ ನಿಜವಾಗಿಯೂ ಏನು ಬೇಕಾದರೂ. ಕೀಲಿ ಇದೆ, ಕೀಲಿ ಇಲ್ಲ, ಆದ್ದರಿಂದ ಚಾಮುಂಡಿ ಬೆಟ್ಟ ಬೆಣ್ಣೆಯದು. ಇದಕ್ಕೆ ಪುಸ್ತಕ ಇಟ್ಟಿರೋ ಹೆಸರು ಎಕ್ಸ್‌ಪ್ಲೋಷನ್, ಸ್ಫೋಟ. ಮೊದಲ ಸಲ ಓದಿದಾಗ ಇದು ಮೋಸ ಅನಿಸುತ್ತದೆ. ಸಿಂಧು ಅಂದರೆ ಏನು ಅಂತ ಮೊದಲನೇ ಭಾಗದಲ್ಲಿ ಹೇಳಿದ್ದನ್ನು ಮತ್ತೆ ನೋಡಿದರೆ ಮೋಸ ಇಲ್ಲ ಅಂತ ಗೊತ್ತಾಗುತ್ತದೆ. ಆಧಾರವಾಕ್ಯ ನಿಜವಾಗಿದ್ದು ತೀರ್ಮಾನ ಸುಳ್ಳಾಗುವ ಸಂದರ್ಭ ಇರಬಾರದು, ಅಷ್ಟೇ ಷರತ್ತು. ವಿರೋಧ ಇರೋ ಆಧಾರವಾಕ್ಯಗಳು ಒಟ್ಟಿಗೆ ನಿಜವಾಗೋದೇ ಇಲ್ಲ ಅಂದಮೇಲೆ ಅಂಥ ಸಂದರ್ಭ ಎಲ್ಲಿಂದ ಬರಬೇಕು?

ಚೆಕರ್ ಬಗ್ಗೆ ಹೇಳೋದಾದರೆ, ಅದು ಒಳ್ಳೇ ಗುಮಾಸ್ತರ ಹಾಗೆ, ಕಾಗದದಲ್ಲಿ ಒಂದು ಸಾಲಿನ ನಂಬರ್ ತಪ್ಪಿದ್ದರೂ ವಾಪಸ್ ಕಳಿಸುತ್ತದೆ. ಊಹೆ ಮಾಡಿಕೊಂಡು ಒಳಗೆ ಬರೆದ ಸಾಲನ್ನು, ಆ ಊಹೆ ಮುಗಿದ ಮೇಲೆ ಹೊರಗೆ ಬಳಸಿದರೆ ಆಗೋದಿಲ್ಲ ಅಂತ ಯಾವ ಸಾಲಿನಲ್ಲಿ ತಪ್ಪು ಅನ್ನೋದನ್ನೂ ತೋರಿಸುತ್ತದೆ. ಈ ಒಂದು ಶಿಸ್ತು ಮನಸ್ಸಿಗೆ ಇಳಿದರೆ ಸಾಕು. ಸಭೆಯಲ್ಲಿ "ಒಂದು ವೇಳೆ ಹೀಗಿದ್ದರೆ" ಅಂತ ಶುರು ಮಾಡಿ, ನಾಲ್ಕು ವಾಕ್ಯ ಆದ ಮೇಲೆ ಆ "ಒಂದು ವೇಳೆ"ಯನ್ನೇ ನುಂಗಿ, ಹೀಗಿದೆ ಅಂತ ಮುಗಿಸುವವರು ಎಷ್ಟು ಜನ ಇದ್ದಾರೆ ಅಂತ ಗೊತ್ತಾಗುತ್ತದೆ. ಕೀಬೋರ್ಡಿನ ಮಾಮೂಲಿ ಗುರುತುಗಳನ್ನು ಒತ್ತಿದರೆ ಅದೇ ತರ್ಕದ ಚಿಹ್ನೆ ಮಾಡಿಕೊಳ್ಳುತ್ತದೆ, ಅದು ಅನುಕೂಲ. ಫೋನಿನಲ್ಲಿ ಮಾತ್ರ ಕಷ್ಟ. ಸಾಲು ಸೇರಿಸೋದು, ಒಳಗಿನ ಸಾಧನೆ ತೆರೆಯೋದು, ಎಲ್ಲ ಚಿಕ್ಕ ಗುಂಡಿಗಳು, ಬೆರಳು ಎಲ್ಲೋ ಬೀಳುತ್ತದೆ. ಲ್ಯಾಪ್‌ಟಾಪ್ ಇಲ್ಲದವರು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೂರೋದು ಒಳ್ಳೇದು.

ಐದನೇ ಭಾಗದಿಂದ "ಎಲ್ಲಾ", "ಯಾವುದೋ ಒಂದು" ಬರುತ್ತವೆ. ತಲೆಕೆಳಗಾದ ಇಂಗ್ಲಿಷ್ ಎ ಅಕ್ಷರ, ∀, ಪುಸ್ತಕದ ಹೆಸರು ಅದರಿಂದಲೇ ಬಂದಿದ್ದು. ಗಾಟ್ಲೋಬ್ ಫ್ರೇಗೆ ಅನ್ನೋ ಜರ್ಮನ್ ತರ್ಕಜ್ಞ 1879ರಲ್ಲಿ ತಂದ ವಿಚಾರ ಇದು. ಅಲ್ಲಿವರೆಗೆ ಅರಿಸ್ಟಾಟಲ್ ಹಾದಿಯ ತರ್ಕಕ್ಕೆ ಒಂದೇ ವಾಕ್ಯದಲ್ಲಿ ಒಂದರೊಳಗೊಂದು "ಎಲ್ಲಾ", "ಕೆಲವು" ಬಂದರೆ ಕೈಕಾಲು ಆಡುತ್ತಿರಲಿಲ್ಲ. "ಪ್ರತಿ ವಿದ್ಯಾರ್ಥಿಯೂ ಯಾವುದೋ ಒಂದು ಪ್ರಶ್ನೆ ತಪ್ಪು ಮಾಡಿದ್ದಾನೆ" ಅನ್ನೋದಕ್ಕೂ "ಎಲ್ಲಾ ವಿದ್ಯಾರ್ಥಿಗಳೂ ತಪ್ಪು ಮಾಡಿದ ಒಂದು ಪ್ರಶ್ನೆ ಇದೆ" ಅನ್ನೋದಕ್ಕೂ ಇರೋ ದೂರ ನೋಡಿ. ಎರಡನೇದು ನಿಜವಾದರೆ ಮೌಲ್ಯಮಾಪನ ಮಾಡೋರು ಪ್ರಶ್ನೆಪತ್ರಿಕೆಯನ್ನೇ ಅನುಮಾನಿಸಬೇಕು. ಮೊದಲನೇದರಿಂದ ಅಂಥದ್ದೇನೂ ಬರೋದಿಲ್ಲ. ಎರಡನೇದರಿಂದ ಮೊದಲನೇದು ಬರುತ್ತದೆ, ಮೊದಲನೇದರಿಂದ ಎರಡನೇದು ಬರಲ್ಲ. ಚಿಹ್ನೆಯಲ್ಲಿ ಬರೆದರೆ ಬರೀ ಎರಡು ಗುರುತು ಹಿಂದೆ ಮುಂದೆ ಆಗಿರುತ್ತವೆ, ಅಷ್ಟೆ.

ನಿಷೇಧ ಸೇರಿದರೆ ಇನ್ನೂ ಮಜಾ. "ಎಲ್ಲರೂ ಬಂದಿಲ್ಲ" ಅಂತ ಹಾಜರಿ ತಗೊಂಡವರು ಹೇಳಿದರೆ ಒಬ್ಬರೂ ಬಂದಿಲ್ಲವಾ, ಕೆಲವರು ಬಂದಿಲ್ಲವಾ? ಎರಡೂ ಆಗಬಹುದು, ಆದರೆ ಚಿಹ್ನೆಯಲ್ಲಿ ಎರಡಕ್ಕೂ ಬೇರೆ ಬೇರೆ ರೂಪ ಇದೆ, ಒಂದನ್ನು ಆರಿಸಲೇಬೇಕು. ನಿಷೇಧವೂ ಎಣಿಕೆಯೂ ಸೇರಿದ ಇಂಥ ವಾಕ್ಯಗಳನ್ನು ಕನ್ನಡ ಮತ್ತು ಇಂಗ್ಲಿಷ್ ಮಾತಾಡುವ ನಾಲ್ಕು ವರ್ಷದ ಮಕ್ಕಳು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ್ದಾರೆ. ದೊಡ್ಡವರಿಗೆ ಎರಡೂ ಅರ್ಥ ಹೊಳೆಯುತ್ತದೆ, ಎರಡೂ ಭಾಷೆಯ ಮಕ್ಕಳು ಬಹುಪಾಲು ಒಂದೇ ಅರ್ಥಕ್ಕೆ ಅಂಟಿಕೊಂಡರು. ಕನ್ನಡದಲ್ಲಿ ನಿಷೇಧ ಕೊನೆಗೆ ಬರುತ್ತದಲ್ಲ, ಅದಕ್ಕೇ ಕನ್ನಡವನ್ನು ಆರಿಸಿದ್ದು. ಪುಸ್ತಕದಲ್ಲಿ ಇದು ಇಲ್ಲ, ಕನ್ನಡ ಎಂಎ ಮಾಡಿದವಳಾಗಿ ಸುಮ್ನೆ ಹೇಳಿದೆ.

ಈಗ ಆ ಕಡಿಮೆಯಾದ ಸ್ಟಾರ್. "ಎಲ್ಲಾ ಕ ಗಳೂ ಗ" ಅನ್ನೋದರಿಂದ "ಕೆಲವು ಕ ಗಳು ಗ" ಅಂತ ಬರುತ್ತದಾ? ಕೋಚಿಂಗ್ ನೋಟ್ಸ್ ಪ್ರಕಾರ ಬರುತ್ತದೆ. ನೆಟ್ ಪಠ್ಯಕ್ರಮದಲ್ಲಿರೋ ವಿರೋಧ ಚತುರಸ್ರ, ಅದೇ ಸ್ಕ್ವೇರ್ ಆಫ್ ಅಪೊಸಿಷನ್, ಹೇಳೋದೂ ಅದನ್ನೇ. ಪಿಯುಸಿಯಲ್ಲಿ ತರ್ಕಶಾಸ್ತ್ರ ತಗೊಂಡವರಿಗೂ ಅದು ಬಾಯಿಪಾಠ ಇರುತ್ತದೆ. ಫಾರಾಲ್ ಎಕ್ಸ್ ಪ್ರಕಾರ ಬರೋದಿಲ್ಲ. ಯಾಕಂದ್ರೆ ಕ ಅನ್ನೋದು ಒಂದೂ ಇಲ್ಲದೇ ಇರಬಹುದು. "ನಮ್ಮ ಕಾಲೇಜಿನ ಎಲ್ಲಾ ಕಾಯಂ ತರ್ಕಶಾಸ್ತ್ರ ಉಪನ್ಯಾಸಕರೂ ಪಿಎಚ್‌ಡಿ ಮಾಡಿದ್ದಾರೆ" ಅಂದರೆ, ಅಂಥ ಕಾಯಂ ಹುದ್ದೆಯಲ್ಲಿ ಒಬ್ಬರೂ ಇಲ್ಲದಿದ್ದಾಗ ಆಧುನಿಕ ತರ್ಕದಲ್ಲಿ ಆ ವಾಕ್ಯ ನಿಜ. ಪಿಎಚ್‌ಡಿ ಮಾಡದ ಒಬ್ಬರನ್ನು ತೋರಿಸಿ ನೋಡೋಣ? ಆದರೆ "ಕೆಲವು ಕಾಯಂ ಉಪನ್ಯಾಸಕರು ಪಿಎಚ್‌ಡಿ ಮಾಡಿದ್ದಾರೆ" ಅನ್ನೋದು ಸುಳ್ಳು, ತೋರಿಸೋಕೆ ಯಾರೂ ಇಲ್ಲ. ಹಳೇ ಪದ್ಧತಿಯವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇದ್ದಾರೆ ಅಂತ ಇಟ್ಟುಕೊಂಡೇ ಮಾತಾಡುತ್ತಾರೆ. ಎರಡೂ ಪದ್ಧತಿ ಅದರದರ ನೆಲೆಯಲ್ಲಿ ಸರಿ. ಆದರೆ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಬಂದಾಗ ಹಳೇ ಪದ್ಧತಿಯ ಉತ್ತರಕ್ಕೇ ಗುರುತು ಹಾಕಿ ಬನ್ನಿ, ಫ್ರೇಗೆಯನ್ನು ಹಾಲ್ ಟಿಕೆಟ್ ಜೊತೆ ಒಳಗೆ ಕರೆದುಕೊಂಡು ಹೋಗಬೇಡಿ.

ಇನ್ನೊಂದು ಕೊರತೆ, ಅದಕ್ಕೆ ಪುಸ್ತಕವನ್ನು ದೂರೋಕಾಗಲ್ಲ. ಪಠ್ಯಕ್ರಮದಲ್ಲಿ ಭಾರತೀಯ ತರ್ಕ ಇದೆ: ಪ್ರಮಾಣಗಳು (ಜ್ಞಾನ ಬರೋ ದಾರಿಗಳು), ಅನುಮಾನ (ಕಂಡದ್ದರಿಂದ ಕಾಣದ್ದನ್ನು ತಿಳಿಯೋದು), ವ್ಯಾಪ್ತಿ (ಹೊಗೆ ಇದ್ದಲ್ಲೆಲ್ಲ ಬೆಂಕಿ ಅನ್ನೋ ಥರದ ನಂಟು), ಹೇತ್ವಾಭಾಸ (ಕಾರಣದ ಹಾಗೆ ಕಾಣೋ ತಪ್ಪು ಕಾರಣ). ಇವು ಯಾವುದೂ ಇಲ್ಲಿ ಸಿಗೋದಿಲ್ಲ. ಆದರೆ ಈ ಪುಸ್ತಕ ಓದಿಕೊಂಡು ಅದಕ್ಕೆ ಹೋದರೆ ಅಲ್ಲಿರೋದು ಎಷ್ಟು ಬೇರೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ಬೆಟ್ಟದಲ್ಲಿ ಬೆಂಕಿ ಇದೆ, ಹೊಗೆ ಇರುವುದರಿಂದ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ, ಈ ಬೆಟ್ಟದಲ್ಲೂ ಅಂಥ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ, ಐದು ಅವಯವ. ಈ ತರ್ಕ ಬೆಳೆಸಿದ ನ್ಯಾಯ ದರ್ಶನದವರಿಗೆ ಬೇಕಾಗಿರೋದು ಬೆಟ್ಟದಲ್ಲಿ ನಿಜಕ್ಕೂ ಬೆಂಕಿ ಇದೆಯಾ ಅನ್ನೋ ಜ್ಞಾನ. ರೂಪ ಮಾತ್ರ ಸರಿ ಇದ್ದರೆ ಅವರಿಗೆ ಸಾಲದು. ರೆಕ್ಕೆಯ ಹಸುವಿನ ವಾದ ಫಾರಾಲ್ ಎಕ್ಸ್‌ನಲ್ಲಿ ಪಾಸ್, ಅವರ ಹತ್ತಿರ ಬಾಗಿಲಲ್ಲೇ ಫೇಲ್. ಇನ್ನು ಕೆಆರ್‌ಎಸ್ ವಾದ ಎರಡೂ ಕಡೆ ಬೀಳುತ್ತದೆ, ಮತ್ತು ನ್ಯಾಯದವರು ಅದಕ್ಕೆ ಹೆಸರೂ ಇಟ್ಟಿದ್ದಾರೆ, ಸವ್ಯಭಿಚಾರ: ನೀರು ಬಿಡೋದು ಅನ್ನೋ ಹೇತು, ಅಣೆಕಟ್ಟು ತುಂಬದ ಕಡೆಯೂ ಕಾಣಿಸಿಕೊಳ್ಳುತ್ತದೆ, ಹಾಗಾಗಿ ಅದನ್ನು ನಂಬೋಕಾಗಲ್ಲ. ಪುಸ್ತಕದವರು ಪ್ರತಿ-ಉದಾಹರಣೆ ಹುಡುಕು ಅಂತಾರಲ್ಲ, ಕೆಲಸ ಹತ್ತಿರ ಹತ್ತಿರ ಅದೇ. ವಿಜಯನಗರದ ಕಾಲದಲ್ಲಿ ಹಂಪಿಯಲ್ಲಿದ್ದ ವ್ಯಾಸತೀರ್ಥರು ನ್ಯಾಯದವರ ಜೊತೆ ಜಗಳ ಕಾಯೋಕೇ ತರ್ಕತಾಂಡವ ಅಂತ ಒಂದು ಗ್ರಂಥ ಬರೆದರು. ನಮ್ಮಲ್ಲಿ ಇದಕ್ಕೆ ಇಷ್ಟು ದೊಡ್ಡ ಪರಂಪರೆ ಇದ್ದೂ ಕನ್ನಡದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳುವ, ಇಷ್ಟೇ ಸಲೀಸಾದ ಒಂದು ಪುಕ್ಕಟೆ ಪುಸ್ತಕ ನನ್ನ ಕೈಗೆ ಸಿಗಲಿಲ್ಲ ಅನ್ನೋದು ಬೇಜಾರು.

ಕೊನೆಯ ಭಾಗಗಳಲ್ಲಿ ಮೋಡಲ್ ಲಾಜಿಕ್ (ಸಾಧ್ಯ, ಅನಿವಾರ್ಯ ಅನ್ನೋದರ ತರ್ಕ) ಮತ್ತು ಮೆಟಾಥಿಯರಿ (ತರ್ಕದ ಪದ್ಧತಿಗಳ ಬಗ್ಗೆಯೇ ಸಿದ್ಧಾಂತ) ಇದೆ. ಪರೀಕ್ಷೆಗೆ ಬೇಡ. ಕಂಪ್ಯೂಟರ್ ಸೈನ್ಸ್ ಅಥವಾ ಫಿಲಾಸಫಿಯವರು ಬೇಕಾದರೆ ಓದಲಿ. ಸತ್ಯಕೋಷ್ಟಕ ಇರೋ ತನಕ ಯಾವ ವಾದ ಕೊಟ್ಟರೂ ಸಿಂಧುವಾ ಅಲ್ಲವಾ ಅಂತ ಯಂತ್ರದ ಹಾಗೆ ಲೆಕ್ಕ ಹಾಕಿ ಹೇಳಬಹುದು, ಆದರೆ "ಎಲ್ಲಾ", "ಕೆಲವು" ಪೂರ್ತಿಯಾಗಿ ಸೇರಿದ ಮೇಲೆ ಎಲ್ಲದಕ್ಕೂ ಉತ್ತರ ಕೊಡೋ ಅಂಥ ಒಂದು ಲೆಕ್ಕದ ದಾರಿ ಇಲ್ಲವೇ ಇಲ್ಲ ಅಂತ 1936ರಲ್ಲಿ ಅಲೊಂಜೊ ಚರ್ಚ್ ಮತ್ತು ಅಲನ್ ಟ್ಯೂರಿಂಗ್ ತೋರಿಸಿದರು. ಟ್ರಿಕ್ಕು ಮಾರುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಭಾಷೆ ಬಗ್ಗೆ. ಇಂಗ್ಲಿಷ್ ಸರಳವಾಗಿದೆ, ಚಿಕ್ಕ ವಾಕ್ಯಗಳು, ಕನ್ನಡ ಮಾಧ್ಯಮದಲ್ಲಿ ಓದಿದವರೂ ಡಿಕ್ಷನರಿ ಪಕ್ಕದಲ್ಲಿ ಇಟ್ಟುಕೊಂಡು ಓದಬಹುದು. ತೊಂದರೆ ಕೊಡೋದು ಅಭ್ಯಾಸದ ವಾಕ್ಯಗಳು. ವಿಷಯ ನಮಗೆ ದೂರ ಅನ್ನೋದಕ್ಕಿಂತ ಇಂಗ್ಲಿಷಿನ ಸಣ್ಣ ಸಣ್ಣ ತಿರುವುಗಳ ಮೇಲೇ ಪ್ರಶ್ನೆ ನಿಂತಿರುತ್ತದೆ, ತರ್ಕ ಗೊತ್ತಿದ್ದೂ ವಾಕ್ಯ ಅರ್ಥವಾಗದೆ ತಪ್ಪುತ್ತದೆ. ಅಂಥ ಕಡೆ ಆ ಪ್ರಶ್ನೆ ಬಿಟ್ಟು, ಅದೇ ರೂಪದ ಕನ್ನಡ ವಾಕ್ಯ ನೀವೇ ಮಾಡಿಕೊಂಡು ಚಿಹ್ನೆಗೆ ಇಳಿಸಿ. ಪಕ್ಕದಲ್ಲಿ ಒಬ್ಬರು ಜೊತೆಗಾರರಿದ್ದರೆ ಇನ್ನೂ ಒಳ್ಳೇದು, ಒಬ್ಬರು ವಾಕ್ಯ ಕೊಡೋದು, ಇನ್ನೊಬ್ಬರು ಇಳಿಸೋದು.

ಪೂರ್ತಿ ಪುಸ್ತಕ 400 ಪುಟ ದಾಟುತ್ತದೆ, ಎಲ್ಲವನ್ನೂ ಪ್ರಿಂಟ್ ಹಾಕಿಸಬೇಡಿ, ದುಡ್ಡು ದಂಡ. ಪೇಪರ್ ಒಂದಕ್ಕೆ ಓದುವವರು ಮೊದಲ ಮೂರು ಭಾಗ ಮತ್ತು ಐದನೇ ಭಾಗದ ಮೊದಲ ಅಧ್ಯಾಯಗಳನ್ನು ಎರಡೂ ಬದಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಸಾಕು. ಪರೀಕ್ಷೆಯ ಹಂಗಿಲ್ಲದೆ ಕಲಿಯೋ ಮನಸ್ಸಿರುವವರು ನಾಲ್ಕನೇದನ್ನೂ ಸೇರಿಸಿಕೊಳ್ಳಿ. ಹಿಂದಿರೋ ನಿಯಮಗಳ ಸಂಕ್ಷಿಪ್ತ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ತೆಗೆಸಿ ಗೋಡೆಗೆ ಅಂಟಿಸಿಕೊಳ್ಳಿ, ಚೆಕರ್ ಬಳಸುವಾಗ ಬೇಕಾಗುತ್ತದೆ. ಉತ್ತರಗಳ ಪಿಡಿಎಫ್ ಬೇರೆಯೇ ಇದೆ, ಅದನ್ನೂ ಇಳಿಸಿಕೊಳ್ಳಿ. ಇಳಿಸುವಾಗ ಕ್ಯಾಲ್ಗರಿ ಅಂತ ನೋಡಿಯೇ ಇಳಿಸಿ. ಮ್ಯಾಗ್ನಸ್ ಅವರ ಮೂಲ ಆವೃತ್ತಿಯೂ ಅದೇ ಹೆಸರಲ್ಲಿ ಸಿಗುತ್ತದೆ, ಅದರಲ್ಲಿ "ಮತ್ತು" ಚಿಹ್ನೆಯೇ ಬೇರೆ, ಭಾಗಗಳ ಹೆಸರೂ ಬೇರೆ. ಒಂದರ ಪಾಠ ಓದಿ ಇನ್ನೊಂದರ ಉತ್ತರ ನೋಡಿದರೆ ಎರಡೂ ಅರ್ಥವಾಗಲ್ಲ.